ಜೇಬಿನಲ್ಲಿ ಹಿಡಿಯುವ ದನಿ

ಕಂಪ್ಯೂಟರ್ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಅದಿಲ್ಲದಿದ್ದರೆ ಅಂಧರ ಪಾಲಿಗೆ ಕಂಪ್ಯೂಟರ್ ಇದ್ದೂ ಇಲ್ಲದಂತೆ. 2006ರ ಹೊತ್ತಿಗೆ ಒಳ್ಳೆಯ ಸ್ಕ್ರೀನ್ ರೀಡರ್‌ಗೆ ಸಾವಿರ ಡಾಲರ್ ಆಸುಪಾಸು ತೆರಬೇಕಿತ್ತು. ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್‌ಗೆ ಇದು ಅನ್ಯಾಯವೆನಿಸಿತು. ತಾನೇ ಒಂದನ್ನು ಬರೆಯತೊಡಗಿದರು. ಬಾಲ್ಯದಲ್ಲಿ ಸಂಗೀತ ಶಿಬಿರವೊಂದರಲ್ಲಿ ಪರಿಚಯವಾಗಿದ್ದ ಇನ್ನೊಬ್ಬ ಅಂಧ ಪ್ರೋಗ್ರಾಮರ್ ಜೇಮ್ಸ್ ಟೇ ಜೊತೆಯಾದರು. ಹೀಗೆ ಹುಟ್ಟಿದ್ದು ಎನ್‌ವಿಡಿಎ. ಅಂದಿನಿಂದ ಇಂದಿನವರೆಗೂ ಅದು ಉಚಿತ. ಅದರ ಮೂಲ ಸಂಕೇತವೂ ಎಲ್ಲರಿಗೂ ಮುಕ್ತ.

ಮನೆ ಬಿಟ್ಟು ಓಡಬೇಕಾದ ಅಂಧ ನಿರಾಶ್ರಿತರನ್ನು ನೆನೆದಾಗ ನನಗೆ ಅದರ ಒಂದು ಗುಣ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎನ್‌ವಿಡಿಎಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಬಹುದು. ಯಾರದ್ದೋ ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿ ಚಾಲೂ ಮಾಡಿದರೆ ಸಾಕು, ಇನ್‌ಸ್ಟಾಲ್ ಮಾಡದೆಯೇ ಮಾತಾಡುತ್ತದೆ. ಮನೆ, ಲ್ಯಾಪ್‌ಟಾಪ್ ಎಲ್ಲ ಬಿಟ್ಟು ಗಡಿ ದಾಟಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಅರಬಿ, ಫಾರ್ಸಿ, ಉಕ್ರೇನಿಯನ್, ಬರ್ಮೀಸ್ ಭಾಷೆಗಳಿಗೂ ಅದನ್ನು ಅನುವಾದಿಸಲಾಗಿದೆ. ಕನ್ನಡಕ್ಕೂ.

ವಿಶ್ವಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಬಲವಂತವಾಗಿ ನೆಲೆ ಕಳೆದುಕೊಂಡವರು 12 ಕೋಟಿಗೂ ಹೆಚ್ಚು. ಜಗತ್ತಿನ ಜನರಲ್ಲಿ ಸುಮಾರು ಶೇ 16ರಷ್ಟು ಮಂದಿ ಗಂಭೀರ ಅಂಗವೈಕಲ್ಯ ಉಳ್ಳವರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೆಲೆ ಕಳೆದುಕೊಂಡವರಲ್ಲಿ ಅದೇ ಪ್ರಮಾಣ ಹಿಡಿದರೂ ಅಂಗವಿಕಲರ ಸಂಖ್ಯೆ ಎರಡು ಕೋಟಿಯ ಹತ್ತಿರ ಬರುತ್ತದೆ. ಬಾಂಬು, ನೆಲಬಾಂಬುಗಳು ಕಿತ್ತುಕೊಂಡ ಕಣ್ಣು, ಕಾಲುಗಳನ್ನು ನೆನೆದರೆ ಈ ಅಂದಾಜೂ ಕಡಿಮೆಯೇ ಇರಬೇಕು.

ಆದರೆ ತಂತ್ರಾಂಶವೊಂದೇ ಸಾಲದು. ನೆರವಿನ ಅರ್ಜಿಯ ಪುಟ ತೆರೆದು ಟ್ಯಾಬ್ ಕೀಲಿ ಒತ್ತುತ್ತಾ ಹೋದಾಗ, ಪುಟ ಕಟ್ಟಿದವರು ಗುಂಡಿಗಳಿಗೆ ಹೆಸರು ಕೊಟ್ಟಿರದಿದ್ದರೆ ಕಿವಿಗೆ ಬೀಳುವುದು ‘ಬಟನ್, ಬಟನ್, ಬಟನ್’ ಅಷ್ಟೇ. ಯಾವುದು ಅರ್ಜಿ ಸಲ್ಲಿಸುವುದು, ಯಾವುದು ರದ್ದು ಮಾಡುವುದು? ಪಡಿತರ ಹಂಚುವ ದಿನದ ನೋಟಿಸನ್ನು ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಅಂಧರಿಗೆ ‘ಚಿತ್ರ’ ಎಂಬುದಕ್ಕಿಂತ ಹೆಚ್ಚು ತಿಳಿಯದೆ ಹೋಗಬಹುದು. ಕಣ್ಣಿದ್ದವರಿಗೆ ಇದು ಸಣ್ಣ ಉದಾಸೀನ. ನಿರಾಶ್ರಿತರ ಶಿಬಿರದಲ್ಲಿ ಒಬ್ಬಳೇ ಇರುವ ಅಂಧ ಹೆಂಗಸಿಗೆ ಅದು ಆ ವಾರದ ಊಟ. ಯುದ್ಧ, ವಿಪತ್ತುಗಳಲ್ಲಿ ಅಂಗವಿಕಲರನ್ನು ಕಾಪಾಡುವುದು ಸರ್ಕಾರಗಳ ಹೊಣೆ ಎಂದು ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 11ನೇ ವಿಧಿ ಹೇಳುತ್ತದೆ. ಭಾರತ ಈ ಒಡಂಬಡಿಕೆಯನ್ನು 2007ರಲ್ಲೇ ಅನುಮೋದಿಸಿದೆ.

ನಮ್ಮಲ್ಲೂ ಸುತ್ತೋಲೆಗಳನ್ನು ಸ್ಕ್ಯಾನ್ ಮಾಡಿ ಬರಿಯ ಚಿತ್ರವಾಗಿ ಜಾಲತಾಣಕ್ಕೆ ಏರಿಸುವ ರೂಢಿಯಿದೆ. ನೀವು ಜಾಲತಾಣ ಕಟ್ಟುವವರಾದರೆ ಇವತ್ತೇ ಎನ್‌ವಿಡಿಎ ಇಳಿಸಿಕೊಂಡು, ಮಾನಿಟರ್ ಆರಿಸಿ, ನಿಮ್ಮದೇ ಅರ್ಜಿಯೊಂದನ್ನು ತುಂಬಿ ನೋಡಿ. ನೋಟಿಸು ಕಳಿಸುವವರಾದರೆ ಫೋಟೊದ ಜೊತೆಗೆ ಅದರಲ್ಲಿರುವುದನ್ನು ಟೈಪ್ ಮಾಡಿಯೂ ಕಳಿಸಿ.