ಹಗಲು ಆಲ್ಬಮ್, ರಾತ್ರಿ ಆಟ: ಸ್ಟುಡಿಯೋ ಮಾನಿಟರ್ ಖರೀದಿಯ ಲೆಕ್ಕ

ಆಷಾಢ ಮಾಸದಲ್ಲಿ ಮದುವೆಗಳಿಲ್ಲ. ಆದುದರಿಂದ ಹೆಗ್ಗಡದೇವನಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣಗಳ ಛಾಯಾಚಿತ್ರ ಸ್ಟುಡಿಯೋಗಳಿಗೆ ಅದು ಬಾಕಿ ಉಳಿದ ಆಲ್ಬಮ್‌ಗಳನ್ನು ಮುಗಿಸುವ, ಕ್ಯಾಮೆರಾ ಸರ್ವಿಸ್ ಮಾಡಿಸುವ ಹಾಗೂ ಕೈಯಲ್ಲಿ ಹಣವಿದ್ದರೆ ಗಣಕಯಂತ್ರವನ್ನು ಬದಲಿಸುವ ಕಾಲ. ಕ್ಯಾಮೆರಾ ಮತ್ತು ಲೆನ್ಸ್‌ಗಳ ವಿಷಯದಲ್ಲಿ ತಿಂಗಳುಗಟ್ಟಲೆ ವಿಚಾರಿಸಿ, ನಾಲ್ಕು ಜನರನ್ನು ಕೇಳಿ ನಿರ್ಧಾರ ಕೈಗೊಳ್ಳುವ ಮಾಲೀಕರು ಮಾನಿಟರ್ ವಿಷಯ ಬಂದಾಗ ಮಾತ್ರ ‘ದೊಡ್ಡದೊಂದು ಕೊಡಿ’ ಎಂದಷ್ಟೇ ಹೇಳುವುದುಂಟು. ತೆಗೆದ ಚಿತ್ರದ ಗುಣದೋಷಗಳೆಲ್ಲ ನಿರ್ಣಯವಾಗುವುದು ಆ ಪರದೆಯ ಮುಂದೆಯೇ ಎಂಬುದು ಆಗ ನೆನಪಿಗೆ ಬರುವುದಿಲ್ಲ.

ಇದರೊಡನೆ ಇನ್ನೊಂದು ಬೇಡಿಕೆಯೂ ಸೇರಿಕೊಂಡಿದೆ. ತಾಲ್ಲೂಕು ಕೇಂದ್ರಗಳಲ್ಲಿ ಅಂಗಡಿ ಮುಂದೆ, ಮನೆ ಹಿಂದೆ ಅಥವಾ ಮಹಡಿಯ ಮೇಲೆ ಇರುವುದು ಸಾಮಾನ್ಯ ಏರ್ಪಾಡು. ಹಗಲಿನಲ್ಲಿ ಆಲ್ಬಮ್ ವಿನ್ಯಾಸಕ್ಕೆ ಬಳಕೆಯಾಗುವ ಗಣಕಯಂತ್ರ, ರಾತ್ರಿ ಬಾಗಿಲು ಹಾಕಿದ ಮೇಲೆ ಕಾಲೇಜು ಓದುವ ಮಗನ ಆಟಕ್ಕೆ ಒದಗುತ್ತದೆ. ತಂದೆಗೆ ಬೇಕಾದುದು ನಿಜವಾದ ಬಣ್ಣ. ಮಗನಿಗೆ ಬೇಕಾದುದು ವೇಗ. ಒಂದೇ ಮಾನಿಟರ್ ಇವೆರಡನ್ನೂ ಪೂರೈಸಬಲ್ಲದೇ? ಹಿಂದೆ ಈ ಪ್ರಶ್ನೆಗೆ ‘ಕಷ್ಟ’ ಎಂಬ ಉತ್ತರವಿತ್ತು. ಇಂದು ಪೂರೈಸಬಲ್ಲದು. ಆದರೆ ಯಾರ ಬೇಡಿಕೆಗೆ ಮೊದಲ ಸ್ಥಾನ ಎಂಬುದನ್ನು ಖರೀದಿಗೆ ಮುನ್ನವೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ಆ ಸ್ಥಾನ ಬಣ್ಣಕ್ಕೇ ಸಲ್ಲಬೇಕು.

ಲೆಕ್ಕ ಹೀಗಿದೆ. ಒಂದು ಕರಿಜ್ಮಾ ಆಲ್ಬಮ್‌ಗೆ ಲ್ಯಾಬ್‌ನ ಮುದ್ರಣ ಮತ್ತು ಬೈಂಡಿಂಗ್ ವೆಚ್ಚ 8,000 ರೂ. ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ವಧುವಿನ ಮುಖ ಕಪ್ಪಾಗಿ ಬಂದಿದೆ ಎಂದು ಗಿರಾಕಿಗಳು ವರ್ಷಕ್ಕೆ ಮೂರು ಆಲ್ಬಮ್‌ಗಳನ್ನು ಹಿಂದಿರುಗಿಸಿದರೆ 24,000 ರೂ. ನಷ್ಟ. ಇಷ್ಟೇ ಹಣಕ್ಕೆ ಉತ್ತಮವಾದ 27 ಅಂಗುಲದ ಮಾನಿಟರ್ ದೊರೆಯುತ್ತದೆ. ಹೀಗಿದ್ದರೂ ಈ ನಷ್ಟ ಲೆಕ್ಕಪುಸ್ತಕದಲ್ಲಿ ಎಲ್ಲಿಯೂ ಪ್ರತ್ಯೇಕವಾಗಿ ಕಾಣುವುದಿಲ್ಲ. ಅದು ‘ಲ್ಯಾಬ್ ವೆಚ್ಚ’ ಎಂಬ ಶೀರ್ಷಿಕೆಯಲ್ಲಿ ಕರಗಿಹೋಗಿರುತ್ತದೆ. ತಪ್ಪು ಲ್ಯಾಬ್‌ನವರದ್ದೆಂದು ಮಾಲೀಕರು ನಂಬಿರುತ್ತಾರೆ. ಮರುಮುದ್ರಣಕ್ಕೆ ಪ್ರತ್ಯೇಕ ಖಾತೆ ತೆರೆದು ಒಂದು ವರ್ಷ ಬರೆದಿಟ್ಟರೆ, ಹೊಸ ಮಾನಿಟರ್ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಯಾವ ಅಂಗಡಿಯವರನ್ನೂ ಕೇಳದೆ ಉತ್ತರ ಸಿಗುತ್ತದೆ.

ಮುದ್ರಣ ಕಪ್ಪಾಗಲು ಬಹುಪಾಲು ಕಾರಣ ಪರದೆಯ ಪ್ರಕಾಶ. ಪೆಟ್ಟಿಗೆಯಿಂದ ತೆಗೆದ ಹೊಸ ಮಾನಿಟರ್ ಸಾಮಾನ್ಯವಾಗಿ ಪ್ರತಿ ಚದರ ಮೀಟರಿಗೆ 250ರಿಂದ 350 ಕ್ಯಾಂಡೆಲಾದಷ್ಟು ಪ್ರಖರವಾಗಿರುತ್ತದೆ. ಅಂಗಡಿಯ ಬೆಳಕಿನಲ್ಲಿ ಗಿರಾಕಿಯ ಕಣ್ಣು ಸೆಳೆಯಲು ಅದು ಒಳ್ಳೆಯದೇ. ಮುದ್ರಣಕ್ಕಾಗಿ ಚಿತ್ರ ತಿದ್ದುವವರಿಗೆ ಬೇಕಾದುದು 80ರಿಂದ 120 ಮಾತ್ರ. ಅತಿ ಪ್ರಖರವಾದ ಪರದೆಯಲ್ಲಿ ಸರಿಯಾಗಿ ಕಂಡ ಮುಖ ಕಾಗದದ ಮೇಲೆ ಮಂಕಾಗಿಯೇ ಬರುತ್ತದೆ. ಬಿಳಿ ಬಣ್ಣದ ಕಥೆಯೂ ಇದೇ. ಅನೇಕ ಮಾನಿಟರ್‌ಗಳ ಬಿಳಿಯಲ್ಲಿ ನೀಲಿ ಛಾಯೆ ಇರುತ್ತದೆ. ಅದನ್ನು ಸರಿದೂಗಿಸಲು ವಿನ್ಯಾಸಕ ಅರಿವಿಲ್ಲದೆಯೇ ಚಿತ್ರಕ್ಕೆ ಹಳದಿ ಸೇರಿಸುತ್ತಾನೆ. ಅರಿಶಿನ ಶಾಸ್ತ್ರದ ಪುಟಗಳಲ್ಲಿ ಇದು ಗಮನಕ್ಕೆ ಬಾರದಿರಬಹುದು, ಆರತಕ್ಷತೆಯ ಪುಟಗಳಲ್ಲಿ ವಧೂವರರಿಗೆ ಕಾಮಾಲೆಯಾದಂತೆ ಕಾಣುತ್ತದೆ. ಬಿಳಿಯ ಮಟ್ಟವನ್ನು 6500 ಕೆಲ್ವಿನ್‌ಗೆ, ಗಾಮಾವನ್ನು 2.2ಕ್ಕೆ ನಿಲ್ಲಿಸುವುದು ರೂಢಿಯಲ್ಲಿರುವ ಮಾನದಂಡ.

ಇನ್ನು ಪರದೆಯ ಜಾತಿ. ಮಾರುಕಟ್ಟೆಯಲ್ಲಿ ಟಿ.ಎನ್., ವಿ.ಎ. ಮತ್ತು ಐ.ಪಿ.ಎಸ್. ಎಂಬ ಮೂರು ಬಗೆಯ ಎಲ್.ಸಿ.ಡಿ. ಪರದೆಗಳಿವೆ. ಟಿ.ಎನ್. ಅಗ್ಗ ಹಾಗೂ ವೇಗವುಳ್ಳದ್ದು. ಆದರೆ ಕತ್ತನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿದರೂ ಬಣ್ಣ ಬದಲಾಗುತ್ತದೆ. ವಿ.ಎ. ಪರದೆಯಲ್ಲಿ ಕಪ್ಪು ಗಾಢವಾಗಿರುತ್ತದೆ, ಸಿನಿಮಾ ನೋಡಲು ಸೊಗಸು. ಆದರೆ ನೇರವಾಗಿ ಎದುರು ಕುಳಿತಾಗ ಕಪ್ಪಿನೊಳಗಿನ ಸೂಕ್ಷ್ಮ ವಿವರಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. 1996ರಲ್ಲಿ ಹಿಟಾಚಿ ಸಂಸ್ಥೆ ಹೊರತಂದ ಐ.ಪಿ.ಎಸ್. ತಂತ್ರದಲ್ಲಿ ಯಾವ ಕೋನದಿಂದ ನೋಡಿದರೂ ಬಣ್ಣ ಹೆಚ್ಚು ಕದಲುವುದಿಲ್ಲ. ಗಿರಾಕಿಗಳ ಕುಟುಂಬದ ಐದಾರು ಜನ ವಿನ್ಯಾಸಕನ ಬೆನ್ನ ಹಿಂದೆ ನಿಂತು ಆಲ್ಬಮ್ ನೋಡುವ ನಮ್ಮ ಪದ್ಧತಿಗೆ ಇದು ಬಹಳ ಮುಖ್ಯ.

ಕಪ್ಪಿನ ವಿಷಯ ಹೆಗ್ಗಡದೇವನಕೋಟೆಗೆ ವಿಶೇಷವಾಗಿ ಸಲ್ಲುವಂಥದ್ದು. ಕಬಿನಿ ಹಿನ್ನೀರಿನ ಕಾಡಿನಲ್ಲಿ ನೆಲೆಸಿದ್ದು, ‘ಸಾಯಾ’ ಎಂದು ಹೆಸರಾದ ಕರಿಚಿರತೆ ಈ ತಾಲ್ಲೂಕಿನ ಕಾಡನ್ನು ಜಗತ್ತಿಗೆ ಪರಿಚಯಿಸಿತು. ಮಿಥುನ್ ಎಚ್. ಅವರು ತೆಗೆದ, ಸಾಯಾ ಮತ್ತು ಅದರ ಸಂಗಾತಿ ಕ್ಲಿಯೋಪಾತ್ರ ಒಟ್ಟಿಗಿರುವ ಚಿತ್ರ 2020ರ ಜುಲೈನಲ್ಲಿ ದೇಶವಿದೇಶಗಳಲ್ಲಿ ಹರಿದಾಡಿತು. ಅದೇ ವರ್ಷ ಶಾಜ್ ಜಂಗ್ ಅವರ ಚಿತ್ರೀಕರಣದ ನ್ಯಾಷನಲ್ ಜಿಯಾಗ್ರಫಿಕ್ ಸಾಕ್ಷ್ಯಚಿತ್ರವೂ ಬಂದಿತು. ಕರಿಚಿರತೆಯ ಮೈ ಬರಿಯ ಕಪ್ಪಲ್ಲ. ಬೆಳಕು ಓರೆಯಾಗಿ ಬಿದ್ದಾಗ ಕಪ್ಪಿನೊಳಗೆ ಚುಕ್ಕೆಗಳು ಕಾಣುತ್ತವೆ. ಸಾಧಾರಣ ಮಾನಿಟರ್‌ನಲ್ಲಿ ಆ ಚುಕ್ಕೆಗಳು ಮಾಯವಾಗಿ ಚಿರತೆಯ ಆಕಾರದ ಇದ್ದಿಲಷ್ಟೇ ಉಳಿಯುತ್ತದೆ. ಅಂಥ ಚಿತ್ರ ಎಲ್ಲರಿಗೂ ದೊರಕುವುದಿಲ್ಲ ನಿಜ. ಆದರೆ ಸಂಜೆಗತ್ತಲಲ್ಲಿ ದಡಕ್ಕೆ ಬಂದ ಆನೆಯ ಚಿತ್ರಕ್ಕೂ, ಕಪ್ಪು ಸೂಟು ತೊಟ್ಟ ವರನ ಚಿತ್ರಕ್ಕೂ ನಿಯಮ ಒಂದೇ.

ಇಲ್ಲಿಯೇ ತಂದೆ-ಮಗನ ಬೇಡಿಕೆಗಳು ಎದುರುಬದುರಾಗುವುದು. ಆಟಕ್ಕೆಂದೇ ಮಾರುವ ಮಾನಿಟರ್‌ಗಳಲ್ಲಿ, ಕತ್ತಲಲ್ಲಿ ಅಡಗಿದ ಎದುರಾಳಿ ಕಾಣಲೆಂದು ನೆರಳಿನ ಭಾಗವನ್ನು ಕೃತಕವಾಗಿ ತಿಳಿಯಾಗಿಸುವ ಸೌಲಭ್ಯವಿರುತ್ತದೆ. ರಾತ್ರಿ ಮಗ ಅದನ್ನು ಹಾಕಿ ಹಾಗೆಯೇ ಬಿಟ್ಟುಹೋದರೆ, ಬೆಳಿಗ್ಗೆ ತಂದೆ ನೆರಳುಗಳೆಲ್ಲ ಸರಿಯಾಗಿವೆಯೆಂದು ಭಾವಿಸಿ ಕಡತವನ್ನು ಲ್ಯಾಬ್‌ಗೆ ಕಳುಹಿಸುತ್ತಾರೆ. ಮುದ್ರಣವಾಗಿ ಬಂದಾಗ ಮಂಟಪದ ಹಿಂಬದಿಯೆಲ್ಲ ಕತ್ತಲು. ಪರಿಹಾರ ಕಷ್ಟವಲ್ಲ. ಎಸ್.ಆರ್.ಜಿ.ಬಿ. ವಿಧಾನ ಹಾಗೂ ಆಟದ ವಿಧಾನಗಳನ್ನು ಪ್ರತ್ಯೇಕವಾಗಿ ಉಳಿಸಿಕೊಂಡು ಒಂದೇ ಗುಂಡಿಯಿಂದ ಬದಲಿಸಬಹುದಾದ ಮಾನಿಟರ್ ಆರಿಸಿಕೊಂಡರಾಯಿತು. ಆದರೆ ಗುಂಡಿ ಒತ್ತುವ ಶಿಸ್ತನ್ನು ಯಾವ ತಯಾರಕರೂ ಪೆಟ್ಟಿಗೆಯಲ್ಲಿಟ್ಟು ಕೊಡುವುದಿಲ್ಲ.

ವೇಗದ ವಿಷಯದಲ್ಲಿ ಮಗನ ವಾದವನ್ನು ತಳ್ಳಿಹಾಕುವಂತಿಲ್ಲ. 60 ಹರ್ಟ್ಸ್‌ನ ಪರದೆಯಲ್ಲಿ ಒಂದು ಚಿತ್ರ ಸುಮಾರು 16.7 ಮಿಲಿಸೆಕೆಂಡು ನಿಂತರೆ, 144 ಹರ್ಟ್ಸ್‌ನಲ್ಲಿ ಅದು ಸುಮಾರು 7 ಮಿಲಿಸೆಕೆಂಡು. ಈ ವ್ಯತ್ಯಾಸ ಬರಿಗಣ್ಣಿಗೇ ತಿಳಿಯುತ್ತದೆ. ಅಲ್ಲಿಂದ ಮುಂದೆ 240, 360 ಎಂದು ಹಣ ತೆತ್ತಂತೆ ಲಾಭ ಕಡಿಮೆಯಾಗುತ್ತ ಹೋಗುತ್ತದೆ. ‘1 ಮಿಲಿಸೆಕೆಂಡ್’ ಎಂಬ ಜಾಹೀರಾತಿನ ಅಂಕಿಯನ್ನು ಅಳೆಯುವ ವಿಧಾನಗಳು ಬೇರೆಬೇರೆಯಾಗಿರುವುದರಿಂದ ಅದನ್ನು ಹೋಲಿಕೆಗೆ ಬಳಸದಿರುವುದೇ ಲೇಸು. ಇ-ಸ್ಪೋರ್ಟ್ಸ್‌ಗೆ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಕ್ರೀಡೆಯ ಮಾನ್ಯತೆ ನೀಡಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಗೆ 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಮಗ ಆಡುವುದು ಯಾವ ಬಗೆಯದು ಎಂದು ತಂದೆ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಗಾತ್ರ ಮತ್ತು ಸ್ಪಷ್ಟತೆಯಲ್ಲಿ ಮಧ್ಯಮ ಮಾರ್ಗವೇ ಉಚಿತ. 1920×1080 ಬಿಂದುಗಳು 24 ಅಂಗುಲಕ್ಕೆ ಸಾಕು, 27 ಅಂಗುಲಕ್ಕೆ ಅವು ಒರಟಾಗಿ ಕಾಣುತ್ತವೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಬಿಂದುಗಳಿದ್ದು ಛಾಯಾಚಿತ್ರಕ್ಕೆ ಬಹಳ ಚೆನ್ನು. ಆದರೆ ಅಷ್ಟೂ ಬಿಂದುಗಳನ್ನು ಆಟದ ವೇಗದಲ್ಲಿ ತುಂಬಲು ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕು. ಮಾನಿಟರ್‌ಗಿಂತ ಹೆಚ್ಚಿನ ಖರ್ಚು ಅಲ್ಲಿ ಬೀಳುತ್ತದೆ. 27 ಅಂಗುಲದಲ್ಲಿ 2560×1440, ಅಂದರೆ ಸುಮಾರು 37 ಲಕ್ಷ ಬಿಂದುಗಳ ಐ.ಪಿ.ಎಸ್. ಪರದೆ, 144 ಹರ್ಟ್ಸ್ ಅಥವಾ ಅದಕ್ಕಿಂತ ತುಸು ಹೆಚ್ಚು: ಎರಡೂ ಕೆಲಸಕ್ಕೆ ಒಪ್ಪುವ ಆಯ್ಕೆ ಇದು. ಹಳೆಯ ಎಚ್.ಡಿ.ಎಂ.ಐ. ಕೇಬಲ್ ಮತ್ತು ಪೋರ್ಟ್‌ನಲ್ಲಿ ಈ ವೇಗ ಬಾರದಿರಬಹುದಾದ್ದರಿಂದ ಡಿಸ್‌ಪ್ಲೇ ಪೋರ್ಟ್ ಬಳಸಬೇಕು. ವಿವರಪಟ್ಟಿಯಲ್ಲಿ ‘45% ಎನ್.ಟಿ.ಎಸ್.ಸಿ.’ ಎಂದಿದ್ದರೆ ಅದನ್ನು ಕೈಬಿಡಬೇಕು, ಎಸ್.ಆರ್.ಜಿ.ಬಿ. ಶೇ. 99ರಿಂದ 100 ಎಂದಿರಬೇಕು. ಅಡೋಬಿ ಆರ್.ಜಿ.ಬಿ. ವ್ಯಾಪ್ತಿಗೆ ಹೆಚ್ಚಿನ ಹಣ ತೆರುವ ಅಗತ್ಯ ಆಲ್ಬಮ್ ಕೆಲಸದಲ್ಲಿ ಕಾಣದು, ಏಕೆಂದರೆ ಆಲ್ಬಮ್ ಲ್ಯಾಬ್‌ಗಳು ಸಾಮಾನ್ಯವಾಗಿ ಕೇಳುವುದೇ ಎಸ್.ಆರ್.ಜಿ.ಬಿ. ಕಡತಗಳನ್ನು. ಓಲೆಡ್ ಪರದೆಗಳು ಆಟಕ್ಕೆ ಅತ್ಯುತ್ತಮವಾದರೂ, ದಿನಕ್ಕೆ ಎಂಟು ಗಂಟೆ ಫೋಟೋಶಾಪ್‌ನ ಅದೇ ಪಟ್ಟಿಗಳು ಅದೇ ಸ್ಥಳದಲ್ಲಿ ನಿಂತಿರುವಾಗ ಅವುಗಳ ಗುರುತು ಪರದೆಯಲ್ಲಿ ಉಳಿದುಬಿಡುವ ಅಪಾಯವಿದೆ.

ಎಷ್ಟೇ ಒಳ್ಳೆಯ ಮಾನಿಟರ್ ಆದರೂ ಅದರ ಬಣ್ಣ ಕಾಲಕ್ರಮದಲ್ಲಿ ಕದಲುತ್ತದೆ. ಅದನ್ನು ಅಳೆದು ಸರಿಪಡಿಸುವ ಕಲರಿಮೀಟರ್ ಎಂಬ ಚಿಕ್ಕ ಸಾಧನವನ್ನು ಪರದೆಯ ಮೇಲೆ ತೂಗುಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ. ತಿಂಗಳಿಗೊಮ್ಮೆ ಬಳಸುವ ಈ ಸಾಧನವನ್ನು ಪ್ರತಿ ಸ್ಟುಡಿಯೋ ಕೊಳ್ಳುವುದು ಬಂಡವಾಳವನ್ನು ನಿದ್ರೆಗೆ ಹಚ್ಚಿದಂತೆ. ತಾಲ್ಲೂಕಿನ ಏಳೆಂಟು ಸ್ಟುಡಿಯೋದವರು ಕೂಡಿ ಒಂದನ್ನು ಕೊಂಡು ಸರದಿಯಂತೆ ಬಳಸಬಹುದು. ಎಲ್ಲರ ಪರದೆಗಳೂ ಒಂದೇ ಅಳತೆಗೆ ಬಂದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ವಹಿಸಿಕೊಳ್ಳುವುದೂ ಸುಲಭ. ಪರದೆಯ ಮೇಲೆ ಬಿಸಿಲು ಬೀಳದಂತೆ, ಹಿಂಬದಿಯ ಗೋಡೆಗೆ ಗಾಢ ಗುಲಾಬಿ ಅಥವಾ ಹಸಿರು ಬಣ್ಣವಿರದಂತೆ ನೋಡಿಕೊಳ್ಳುವುದಕ್ಕೆ ಮಾತ್ರ ಹೆಚ್ಚಿನ ಖರ್ಚೇನೂ ಇಲ್ಲ.

ಖರೀದಿಗೆ ಬರೋಣ. 32 ಅಂಗುಲದವರೆಗಿನ ಮಾನಿಟರ್‌ಗಳ ಮೇಲಿನ ಜಿ.ಎಸ್.ಟಿ. 2019ರ ಜನವರಿ 1ರಿಂದ ಶೇ. 28ರ ಬದಲು ಶೇ. 18 ಆಯಿತು. ಅದಕ್ಕಿಂತ ದೊಡ್ಡವು ಶೇ. 28ರಲ್ಲೇ ಉಳಿದು, 2025ರ ಸೆಪ್ಟೆಂಬರ್ 22ರಿಂದ ಅವೂ ಶೇ. 18ಕ್ಕೆ ಇಳಿದವು. 24,000 ರೂ. ಮೌಲ್ಯದ ಮಾನಿಟರ್‌ಗೆ ತೆರಿಗೆ 4,320 ರೂ. ನೋಂದಾಯಿತ ಸ್ಟುಡಿಯೋ ತನ್ನ ಜಿ.ಎಸ್.ಟಿ. ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಿಕೊಂಡರೆ ಈ ಮೊತ್ತಕ್ಕೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವವರು ಆರ್ಡರ್ ಮಾಡುವಾಗಲೇ ಇದನ್ನು ನೀಡಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಹಾಗೂ ನೋಂದಣಿ ಇಲ್ಲದವರಿಗೆ ಈ ಜಮೆ ಇಲ್ಲವಾದ್ದರಿಂದ ಅವರ ಪಾಲಿಗೆ ಬೆಲೆ 28,320 ರೂ. ಎಂದೇ ಎಣಿಸಬೇಕು. ಜಮೆ ಪಡೆದ ತೆರಿಗೆಯನ್ನು ಸ್ವತ್ತಿನ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ.

ಗಣಕಯಂತ್ರಗಳ ಸವಕಳಿ ದರ 2017-18ನೇ ಆರ್ಥಿಕ ವರ್ಷದಿಂದ ಶೇ. 60ರ ಬದಲು ಶೇ. 40 ಆಗಿದೆ. 24,000 ರೂ.ಗೆ ಮೊದಲ ವರ್ಷ 9,600 ರೂ. ಆದರೆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಅದರ ಅರ್ಧ ಮಾತ್ರ. ಆಷಾಢದಲ್ಲಿ ಕೊಂಡವರಿಗೆ ಪೂರ್ಣ ದರ. ದೀಪಾವಳಿಯ ರಿಯಾಯಿತಿಗೆ ಕಾದವರಿಗೆ ಬಹುಮಟ್ಟಿಗೆ 4,800 ರೂ. ಉಳಿದದ್ದು ಮುಂದಿನ ವರ್ಷಗಳಲ್ಲಿ ಬರುತ್ತದೆಯಾದರೂ ರಿಯಾಯಿತಿಯನ್ನು ಲೆಕ್ಕ ಹಾಕುವಾಗ ಇದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಅಂದಾಜು ಆದಾಯದ ಪದ್ಧತಿಯಲ್ಲಿ ರಿಟರ್ನ್ ಸಲ್ಲಿಸುವವರಿಗೆ ಸವಕಳಿ ಪ್ರತ್ಯೇಕವಾಗಿ ಸಿಗುವುದಿಲ್ಲ.

ಮಗನ ಆಟ ಇಲ್ಲಿಯೂ ಬರುತ್ತದೆ. ವ್ಯವಹಾರಕ್ಕೂ ಸ್ವಂತಕ್ಕೂ ಬಳಕೆಯಾಗುವ ಸ್ವತ್ತಿಗೆ ಸವಕಳಿಯೂ ತೆರಿಗೆ ಜಮೆಯೂ ವ್ಯವಹಾರದ ಭಾಗಕ್ಕೆ ಮಾತ್ರ ಸಲ್ಲುತ್ತವೆ. ಬಳಕೆಯ ಮೂರರಲ್ಲೊಂದು ಪಾಲು ಆಟಕ್ಕೆಂದಾದರೆ 9,600ರಲ್ಲಿ 6,400 ರೂ. ಕೇಳುವುದು ನ್ಯಾಯ. ದಿನಕ್ಕೆಷ್ಟು ಗಂಟೆ ಆಟವೆಂಬ ವಿಷಯದಲ್ಲಿ ತಂದೆ ಮತ್ತು ಮಗ ಹೇಳುವ ಅಂಕಿಗಳು ಹೊಂದುವುದು ಅಪರೂಪವಾದ್ದರಿಂದ, ಒಂದು ತಿಂಗಳು ಬರೆದಿಟ್ಟು ಪ್ರಮಾಣ ನಿಗದಿಪಡಿಸಿಕೊಳ್ಳುವುದು ಸೂಕ್ತ.

ಹೆಗ್ಗಡದೇವನಕೋಟೆಯಿಂದ ಮೈಸೂರು ಸುಮಾರು 50 ಕಿ.ಮೀ. ದುರಸ್ತಿಗೆ ಮಾನಿಟರ್ ಹೊತ್ತು ಓಡಾಡುವ ಬದಲು, ಅಂಗಡಿಯಲ್ಲೇ ಪೂರ್ತಿ ಬೂದು, ಪೂರ್ತಿ ಕಪ್ಪು ಚಿತ್ರಗಳನ್ನು ತೆರೆದು ಸತ್ತ ಬಿಂದುಗಳಿವೆಯೇ, ಅಂಚುಗಳಲ್ಲಿ ಬೆಳಕು ಸೋರುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಹಿಂಬದಿಯ ಚೀಟಿಯಲ್ಲಿ ಬಿ.ಐ.ಎಸ್. ಗುರುತು ಹಾಗೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ವಾರಂಟಿ ಅವಧಿ ಮುಗಿಯುವವರೆಗೆ ರಟ್ಟಿನ ಪೆಟ್ಟಿಗೆಯನ್ನು ಎಸೆಯಬಾರದು.

ಕೊನೆಗೆ ಹಳೆಯ ಮಾನಿಟರ್. ಗಾಜಿನ ಕೊಳವೆಯ ಹಳೆಯ ಸಿ.ಆರ್.ಟಿ. ಮಾನಿಟರ್‌ಗಳು ಇಂದಿಗೂ ಕೆಲವು ಸ್ಟುಡಿಯೋಗಳ ಅಟ್ಟದ ಮೇಲಿವೆ. ಅವುಗಳ ಗಾಜಿನಲ್ಲಿ ಸೀಸವಿರುವುದರಿಂದ ಒಡೆದು ತಿಪ್ಪೆಗೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅಂಥವು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಮಾರಿದಾಗ ಬಂದ ಮೊತ್ತ ಎಷ್ಟೇ ಚಿಕ್ಕದಿರಲಿ, ಅದನ್ನು ಶೇ. 40ರ ಸ್ವತ್ತುಗಳ ಗುಂಪಿನ ಮೌಲ್ಯದಿಂದ ಕಳೆದು ಆ ವರ್ಷದ ಸವಕಳಿ ಲೆಕ್ಕ ಹಾಕಬೇಕು.