ಗಾಜಿಲ್ಲದ ಕನ್ನಡಕ

ಕನ್ನಡಕವೆಂದ ಮೇಲೆ ಗಾಜು ಇರಲೇಬೇಕೆಂಬ ಎಣಿಕೆಯನ್ನು ಉತ್ತರ ಧ್ರುವದ ಅಂಚಿನಲ್ಲಿ ಬಾಳುವ ಇನ್ಯುಯಿಟ್ ಮತ್ತು ಯೂಪಿಕ್ ಜನರ ಪೂರ್ವಿಕರು ಬಹು ಹಿಂದೆಯೇ ಸುಳ್ಳಾಗಿಸಿದ್ದಾರೆ. ಕಡಲು ದಡಕ್ಕೆ ತಂದೆಸೆದ ಮರದ ತುಂಡನ್ನೋ, ಕ್ಯಾರಿಬೂ ಎಂಬ ಹಿಮಸಾರಂಗದ ಕೊಂಬನ್ನೋ, ವಾಲ್ರಸ್ಸಿನ ದಂತವನ್ನೋ ಮುಖದ ಉಬ್ಬುತಗ್ಗುಗಳಿಗೆ ಒಪ್ಪುವಂತೆ ಕೆತ್ತಿ, ಕಣ್ಣಿನ ನೇರಕ್ಕೆ ತೆಳ್ಳನೆಯ ಅಡ್ಡಸೀಳು ಕೊರೆದು, ಒಳಮೈಗೆ ಮಸಿ ಬಳಿದು, ತಲೆಯ ಹಿಂದಕ್ಕೆ ಕಟ್ಟಿಕೊಂಡರೆ ಅವರ ಹಿಮಗನ್ನಡಕ ಸಿದ್ಧವಾಗುತ್ತಿತ್ತು.

ಹೊಸದಾಗಿ ಬಿದ್ದ ಹಿಮವು ತನ್ನ ಮೇಲೆರಗುವ ನೇರಳಾತೀತ ಕಿರಣಗಳಲ್ಲಿ ಶೇ. 80ರವರೆಗೂ ಹಿಂದಕ್ಕೆ ಚಿಮ್ಮಿಸುವುದರಿಂದ ಅಲ್ಲಿ ಕಣ್ಣಿಗೆ ಮೇಲಿನಿಂದಲೂ ಕೆಳಗಿನಿಂದಲೂ ಪೆಟ್ಟು ಬೀಳುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಹೊರಪದರ ಹೀಗೆ ಸುಟ್ಟು, ಕೆಲವು ಗಂಟೆಗಳ ಬಳಿಕ ಮರಳು ಹೊಕ್ಕಂತೆ ಉರಿದು, ನೋಟವೇ ತಾತ್ಕಾಲಿಕವಾಗಿ ಮಂಕಾಗುವ ಸ್ಥಿತಿಗೆ ಹಿಮಕುರುಡು ಎನ್ನುತ್ತಾರೆ. ಅಡ್ಡಸೀಳು ಆಕಾಶದ ಮತ್ತು ನೆಲದ ಬೆಳಕನ್ನು ಬಹುಪಾಲು ತಡೆದು, ಬೇಟೆಗಾರನಿಗೆ ಬೇಕಾದ ದಿಗಂತದ ಪಟ್ಟಿಯನ್ನಷ್ಟೇ ಉಳಿಸುತ್ತದೆ. ಗಾಜಿಲ್ಲವಾದ್ದರಿಂದ ಉಸಿರಿನ ಹಬೆ ಕೂತು ಮಬ್ಬಾಗುವ ತೊಂದರೆಯೂ ಇಲ್ಲ.

ನಿಜವಾದ ಸೋಜಿಗವಿರುವುದು ಸೀಳು ಮಾಡುವ ಇನ್ನೊಂದು ಕೆಲಸದಲ್ಲಿ. ಸಮೀಪದೃಷ್ಟಿಯುಳ್ಳ ಕಣ್ಣಿನಲ್ಲಿ ದೂರದ ಬಿಂದುವೊಂದರಿಂದ ಬಂದ ಕಿರಣಗಳು ಕಣ್ಣಿನ ಹಿಂಗೋಡೆಯಾದ ಅಕ್ಷಿಪಟಲಕ್ಕೆ ತಲುಪುವ ಮೊದಲೇ ಒಂದುಗೂಡಿ, ಮತ್ತೆ ಹರಡಿ, ಬಿಂದುವಿನ ಬದಲು ಮಸುಕಾದ ಬಿಲ್ಲೆಯೊಂದನ್ನು ಮೂಡಿಸುತ್ತವೆ. ಬೆಳಕು ಒಳಬರುವ ಕಿಂಡಿ ಕಿರಿದಾದಷ್ಟೂ ಈ ಬಿಲ್ಲೆ ಕುಗ್ಗಿ ನೋಟ ತಿಳಿಯಾಗುತ್ತದೆ. ದೂರದ ಬಸ್ಸಿನ ಫಲಕ ಓದಲು ಜನರು ಕಣ್ಣು ಕಿರಿದಾಗಿಸುವುದು ಇದೇ ಕಾರಣಕ್ಕೆ. ಆದರೆ ಸೀಳು ಕಿರಿದಾಗಿರುವುದು ಮೇಲುಕೆಳಗಿನ ದಿಕ್ಕಿನಲ್ಲಿ ಮಾತ್ರವಾದ್ದರಿಂದ ಬಿಲ್ಲೆಯು ಬಿಂದುವಾಗದೆ ಅಡ್ಡಗೆರೆಯಾಗಿ ಚಪ್ಪಟೆಯಾಗುತ್ತದೆ, ಅಂದರೆ ನೆಟ್ಟನೆಯ ಅಂಚುಗಳು ಮಸುಕಾಗಿಯೇ ಉಳಿದು ಅಡ್ಡ ಅಂಚುಗಳು ಚೂಪಾಗುತ್ತವೆ. ಹಿಮಬಯಲಿನ ದಿಗಂತವೂ, ಮಂಜುಗಡ್ಡೆಯ ಮೇಲೆ ಉದ್ದಕ್ಕೆ ಮಲಗಿದ ಸೀಲ್ ಪ್ರಾಣಿಯ ಬೆನ್ನೂ ಅಡ್ಡಗೆರೆಗಳೇ ಎಂಬುದನ್ನು ನೆನೆದರೆ, ಈ ಸರಳ ಉಪಕರಣವನ್ನು ಮೆಚ್ಚದೆ ಇರಲಾಗದು.

ಇದೇ ತತ್ತ್ವವನ್ನು ಕಣ್ಣಿನ ವೈದ್ಯರು ಸುಮಾರು 1 ಮಿಲಿಮೀಟರ್ ಅಗಲದ ತೂತಿನ ಫಲಕದಲ್ಲಿ ಬಳಸುತ್ತಾರೆ: ತೂತಿನ ಮೂಲಕ ಅಕ್ಷರ ತಿಳಿಯಾಗಿ ಕಂಡರೆ ದೋಷವು ಬಹುಮಟ್ಟಿಗೆ ಕನ್ನಡಕದಿಂದ ಸರಿಹೋಗುವಂಥದ್ದೆಂದು ಅವರಿಗೆ ತಿಳಿಯುತ್ತದೆ. ಇಲ್ಲಿಂದಲೇ ಒಂದು ಮೌಢ್ಯವೂ ಹುಟ್ಟಿಕೊಂಡಿದೆ. ತೂತುತೂತಿನ ಕಪ್ಪು ಕನ್ನಡಕವನ್ನು ದಿನವೂ ಧರಿಸಿದರೆ ಸಮೀಪದೃಷ್ಟಿ ವಾಸಿಯಾಗುತ್ತದೆಂಬ ಜಾಹೀರಾತನ್ನು ವಿದ್ಯಾವಂತರೂ ನಂಬುವುದು ವಿಷಾದಕರ. ಸಮೀಪದೃಷ್ಟಿಗೆ ಸಾಮಾನ್ಯ ಕಾರಣ ಕಣ್ಣಿನ ಗುಡ್ಡೆ ಹಿಂದುಮುಂದಾಗಿ ತುಸು ಉದ್ದ ಬೆಳೆದಿರುವುದು. ಹಾಗೆ ಬೆಳೆದ ಗುಡ್ಡೆಯನ್ನು ಯಾವ ತೂತೂ, ಯಾವ ಕಣ್ಣಿನ ವ್ಯಾಯಾಮವೂ ಗಿಡ್ಡಗೊಳಿಸಲಾರದು. ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗಿ ಪವರ್ ಏರುತ್ತದೆಂಬ ಹೆದರಿಕೆಗೂ ಆಧಾರವಿಲ್ಲ; ಮಕ್ಕಳ ಪವರ್ ಏರುವುದು ಬೆಳೆಯುವ ಕಣ್ಣಿನಿಂದಲೇ ಹೊರತು ಗಾಜಿನಿಂದಲ್ಲ. ತರಗತಿಯಲ್ಲಿ ಕಣ್ಣು ಕಿರಿದಾಗಿಸಿ ಕಪ್ಪುಹಲಗೆಯನ್ನು ನೋಡುವ ಮಗುವನ್ನು ಹೆತ್ತವರು ಮತ್ತು ಶಿಕ್ಷಕರು ಗದರಿಸದೆ, ತಡಮಾಡದೆ ಕಣ್ಣಿನ ತಪಾಸಣೆಗೆ ಕಳುಹಿಸಬೇಕು.