ಹಳೇ ಕಾರು, ಉದ್ದದ ಬೆಲ್ಟು

ಹಳೇ ಕಾರಿನ ಬಾಗಿಲು ಹಾಕಿದಾಗ ಸೀಟ್ ಬೆಲ್ಟಿನ ತುದಿ ಹೊರಗೇ ನೇತಾಡ್ತಿದೆಯಾ? ಕತ್ತರಿ ಕೆಳಗಿಡಿ!

1959ರಲ್ಲಿ ವೋಲ್ವೋ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ, ಮೂರು ಕಡೆ ಹಿಡಿಯುವ ಬೆಲ್ಟ್ ಕಾರುಗಳಿಗೆ ಬಂತು. ಪಟ್ಟಿಯನ್ನು ತಾನಾಗೇ ಒಳಗೆಳೆದುಕೊಳ್ಳೋ ರೀಲ್ ಆಗ ಅದರಲ್ಲಿ ಇರಲಿಲ್ಲ. ಸಡಿಲ ತೆಗೆಯೋದು ಕೂತವರದೇ ಕೆಲಸ.

ಹೇಗೆ? ಸೀಟಿಗೆ ಬೆನ್ನು ಒತ್ತಿ ಕೂತು ಬಕಲ್ ಹಾಕಿ. ಅಡ್ಜಸ್ಟರ್‌ನಿಂದ ಹೊರಬಂದ ತುದಿ ಎಳೀರಿ. ಕೆಳಗಿನ ಪಟ್ಟಿ ಹೊಟ್ಟೆ ಮೇಲಲ್ಲ, ಸೊಂಟದ ಮೂಳೆ ಮೇಲೆ ಕೂರಬೇಕು. ಎದೆಗೂ ಬೆಲ್ಟಿಗೂ ನಡುವೆ ಅಂಗೈ ನುಸುಳುವಷ್ಟೇ ಜಾಗ.

ಉಳಿದ ತುದಿ? ಸುತ್ತಿ, ಎಲಾಸ್ಟಿಕ್ ಅಥವಾ ವೆಲ್ಕ್ರೋ ಹಾಕಿ. ಗಂಟು ಬೇಡ, ಗಂಟಿದ್ದಲ್ಲಿ ಪಟ್ಟಿಯ ಬಲ ಕುಗ್ಗುತ್ತೆ. ತುದಿಯನ್ನು ಮಡಚಿ ಹೊಲಿದಿರೋದು ಯಾಕೆ ಗೊತ್ತಾ? ಜಗ್ಗಿದಾಗ ಪಟ್ಟಿ ಅಡ್ಜಸ್ಟರ್‌ನಿಂದ ಜಾರಿ ಹೋಗಬಾರದು ಅಂತ. ಕತ್ತರಿಸಿದರೆ ಆ ತಡೆಯೇ ಹೋಯ್ತು.

ಪೂರ್ತಿ ಬಿಗಿದರೂ ಸಡಿಲವೇ? ಅಳತೆಗೆ ತಕ್ಕ ಹೊಸ ಬೆಲ್ಟ್ ಹಾಕಿಸಿ. ರೀಲ್ ಬೆಲ್ಟ್ ಬೇಕಿದ್ದರೆ ಕಾರಿನ ಮೂಲ ಬೋಲ್ಟ್ ಜಾಗದಲ್ಲೇ, ತಯಾರಕರು ಹೇಳಿದ ಕೋನದಲ್ಲೇ ಕೂರಿಸಿ. ಕೋನ ತಪ್ಪಿದರೆ ರೀಲ್ ಸುಮ್ಮಸುಮ್ಮನೆ ಲಾಕ್ ಆಗಬಹುದು.

ಅಂಚಲ್ಲಿ ನೂಲು ಎದ್ದಿದೆಯಾ? ಇನ್ನೇನೂ ಯೋಚಿಸದೆ ಬೆಲ್ಟನ್ನೇ ಬದಲಿಸಿ.